ಜವಾರಿ ಎಮ್ಮೆಯ ಜಾತಕ

ಬೆಳಗಾವಿಯಲ್ಲಿ ವರ್ತನೆ ಹಾಲು ತೆಗೆದುಕೊಳ್ಳುವವರ ಅಡಿಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಏಕಾದಶಿ, ಸಂಕಷ್ಟಿ ನೋಡಲಿಕ್ಕೆ ಎಂಬುದು ನೆಪ ಮಾತ್ರ. ಅದರ ಮುಖ್ಯ ಕೆಲಸ ಹಾಲಿನ ಲೆಕ್ಕ. ಗವಳಿ ಬಾರದ ದಿನ ಸೊನ್ನೆ, ನೆಂಟರು ಬಂದ ದಿನ ಒಂದೂವರೆ, ಉಳಿದ ದಿನ ಒಂದು. ಹಳೆಯ ಕ್ಯಾಲೆಂಡರುಗಳನ್ನು ಎಸೆಯದೆ ಇಟ್ಟಿದ್ದರೆ ನಮ್ಮ ಮನೆ ಮೂವತ್ತು ವರ್ಷಗಳಲ್ಲಿ ಕುಡಿದ ಹಾಲನ್ನು ಅರ್ಧ ಲೀಟರೂ ತಪ್ಪದಂತೆ ಹೇಳಬಹುದಿತ್ತು. ಆದರೆ ಆ ಹಾಲು ಕೊಟ್ಟ ಎಮ್ಮೆ ಹೋದ ಸೂಲಿನಲ್ಲಿ ಎಷ್ಟು ಕರೆಯಿತು, ಯಾವ ತಾರೀಖಿಗೆ ಈಯಿತು ಎಂದು ಗವಳಿಯನ್ನು ಕೇಳಿ ನೋಡಿ. "ನಡದೈತ್ರೀ ಸರ, ದೇವರ ದಯಾ" ಎನ್ನುತ್ತಾನೆ. ಕುಡಿದವರ ಬಳಿ ಲೆಕ್ಕವಿದೆ. ಕೊಟ್ಟವಳ ಲೆಕ್ಕ ಯಾರ ಬಳಿಯೂ ಇಲ್ಲ.

ಇದು ಮರೆವಿನಿಂದಲ್ಲ. ಹಾಲು ಅಳೆದರೆ ದೃಷ್ಟಿಯಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಖಾನಾಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಕ್ಕ ಹಾಲು ಹಿಂಡಿಕೊಂಡು ಕೊಟ್ಟಿಗೆಯಿಂದ ಹೊರಬರುವಾಗ ಪಾತ್ರೆಗೆ ಸೆರಗು ಮುಚ್ಚಿಕೊಂಡೇ ಬರುತ್ತಾಳೆ. ಎದುರಿಗೆ ಬರುವವನು ಒಡಹುಟ್ಟಿದ ತಮ್ಮನಾದರೂ ಸೆರಗು ಸರಿಯುವುದಿಲ್ಲ. ವಿಚಿತ್ರವೆಂದರೆ ದೀಪಾವಳಿಯ ಪಾಡ್ಯದಂದು ಬೆಳಗಾವಿಯ ಗವಳಿಗರು ಇವೇ ಎಮ್ಮೆಗಳ ಕೊಂಬಿಗೆ ಬಣ್ಣ ಬಳಿದು, ಕವಡೆ ಸರ ಕಟ್ಟಿ, ನವಿಲುಗರಿ ಸಿಕ್ಕಿಸಿ, ಮೋಟರ್‌ಸೈಕಲ್ಲಿನ ಹಿಂದೆ ಊರೆಲ್ಲ ನೋಡುವಂತೆ ಓಡಿಸುತ್ತಾರೆ. ಕೊಂಬಿಗೆ ದೃಷ್ಟಿ ತಗಲುವುದಿಲ್ಲ, ಕೆಚ್ಚಲಿಗೆ ಮಾತ್ರ ತಗಲುತ್ತದೆ ಎಂದು ಕಾಣುತ್ತದೆ.

ಅಳೆಯದ ವಸ್ತುವಿಗೆ ಸರಕಾರದ ಕಾಗದದಲ್ಲಿ ಹೆಸರಿರುವುದಿಲ್ಲ. ನಮ್ಮ ಕಡೆಯ ಎಮ್ಮೆಯನ್ನು ನಾವು ಜವಾರಿ ಎಂದೆವು. ಧಾರವಾಡದ ಆಚೀಚೆ ಧಾರವಾಡಿ ಎಂದರು. ಕಾಗದದಲ್ಲಿ ಅದು ಬಹುಕಾಲ 'ನಿರ್ದಿಷ್ಟ ತಳಿಗೆ ಸೇರದ್ದು' ಎಂಬ ಗುಂಪಿನಲ್ಲೇ ಇತ್ತು. ಹೆಸರಿಲ್ಲದಿದ್ದರೇನು, ಹಾಲು ಕೊಟ್ಟರೆ ಸಾಕಲ್ಲವೇ ಎನ್ನಬಹುದು. ಸಾಲದು. ತಳಿಗೆ ಸೇರದ ಎಮ್ಮೆಯನ್ನು ಮುರ್ರಾ, ಸುರ್ತಿ ಕೋಣಗಳ ವೀರ್ಯದಿಂದ 'ಸುಧಾರಿಸಬೇಕು' ಎಂಬುದು ಇಲಾಖೆಯ ನೀತಿ. ತಳಿ ಎಂದು ಒಪ್ಪಿಕೊಂಡದ್ದನ್ನು ಅದರೊಳಗೇ ಆರಿಸಿ ಬೆಳೆಸಬೇಕು. ಅಂದರೆ ಆ ಪಟ್ಟಿಯ ಒಂದು ಪದದ ಮೇಲೆ ಅಕ್ಕನ ಎಮ್ಮೆಯ ಮೊಮ್ಮಕ್ಕಳ ರೂಪ ನಿಂತಿರುತ್ತದೆ.

ಈ ಪದವನ್ನು ಬದಲಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪಶು ವಿಜ್ಞಾನಿಗಳ ಕೆಲಸ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದ ಒಂದು ಸಂಸ್ಥೆ ಹರಿಯಾಣದ ಕರ್ನಾಲಿನಲ್ಲಿದೆ. ದೇಶದ ದನಕರುಗಳ ತಳಿಗಳನ್ನು ನೋಂದಾಯಿಸುವುದು ಅದರ ಹೊಣೆ. ಎಲ್ಲೆಲ್ಲಿ ಇದೆ, ಎಷ್ಟಿದೆ, ಮೈಯಳತೆ ಏನು, ಹಾಲೆಷ್ಟು, ಕೊಬ್ಬೆಷ್ಟು ಎಂಬುದನ್ನೆಲ್ಲ ಅದರ ಮುಂದೆ ಇಡಬೇಕು. ಅರ್ಧಚಂದ್ರದಂತೆ ಹಿಂದಕ್ಕೆ ಬಾಗಿ ಹೆಗಲ ತನಕ ಬರುವ ಕೊಂಬು, ಶೇಕಡಾ 7ರ ಆಸುಪಾಸಿನ ಕೊಬ್ಬು, ಒಣ ಕಣಕಿ ತಿಂದೂ ಬಾಳುವ ಗುಣ, ಇವೆಲ್ಲ ದಾಖಲಾಗಿ 2021ರಲ್ಲಿ ಧಾರವಾಡಿ ಎಮ್ಮೆ ದೇಶದ 18ನೆಯ ನೋಂದಾಯಿತ ಎಮ್ಮೆ ತಳಿಯಾಯಿತು. ಧಾರವಾಡ ಪೇಢೆಗೆ ಭೌಗೋಳಿಕ ಗುರುತು ಅದಕ್ಕೂ ಬಹಳ ಮೊದಲೇ ಸಿಕ್ಕಿತ್ತು. ಮಿಠಾಯಿಗೆ ಮೊದಲು ಜಾತಕ ಬಂತು, ಅದಕ್ಕೆ ಹಾಲು ಕೊಟ್ಟವಳಿಗೆ ಆಮೇಲೆ!

ಕೇಳಲು ಸುಲಭ, ಅಳೆಯುವುದು ಎಷ್ಟು ಕಷ್ಟವೆಂಬುದು ಕೊಟ್ಟಿಗೆಗೆ ಹೋದವರಿಗೇ ಗೊತ್ತು. ನಮ್ಮ ಎಮ್ಮೆ ಸೊರ ಬಿಡಲು ಕರು ಬೇಕು. ಕರು ಮೊದಲೊಂದಿಷ್ಟು ಕುಡಿಯುತ್ತದೆ. ಮನೆಯವರು ಒಂದು ಮೊಲೆಯನ್ನು ಅದಕ್ಕೆಂದೇ ಬಿಡುವುದೂ ಉಂಟು. ಹಾಗಾದರೆ ಎಮ್ಮೆ ಕೊಟ್ಟ ಹಾಲೆಷ್ಟು? ಕುಡಿಯುವ ಮೊದಲು ಮತ್ತು ಕುಡಿದ ಮೇಲೆ ಕರುವನ್ನು ತೂಗಿ ವ್ಯತ್ಯಾಸ ಹಿಡಿಯುವುದು ಶಾಸ್ತ್ರದ ದಾರಿ. ಅಡ್ಡಾದಿಡ್ಡಿ ಜಿಗಿಯುವ ಎಮ್ಮೆಗರುವನ್ನು ತಕ್ಕಡಿಯ ಮೇಲೆ ನಿಲ್ಲಿಸಿದವರಿಗೆ ಯಾವ ಪದವಿ ಕೊಟ್ಟರೂ ಕಡಿಮೆಯೇ. ದಿನವೂ ಅಳೆಯಬೇಕಾಗಿಲ್ಲ ಎಂಬುದೊಂದು ಸಮಾಧಾನ. ತಿಂಗಳಿಗೊಂದು ದಿನ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಅಳೆದರೆ ನಡುವಿನ ದಿನಗಳ ಹಾಲನ್ನು ಸಾಕಷ್ಟು ಸರಿಯಾಗಿ ಅಂದಾಜು ಮಾಡಬಹುದು. ಕೊಬ್ಬಿಗೆ ಗರ್ಬರ್ ವಿಧಾನವಿದೆ. ಹಾಲಿಗೆ 10 ಮಿಲಿ ಗಂಧಕಾಮ್ಲ, 1 ಮಿಲಿ ಅಮೈಲ್ ಆಲ್ಕೋಹಾಲ್ ಸೇರಿಸಿ ಗಿರಗಿರನೆ ತಿರುಗಿಸಿದರೆ ಕೊಬ್ಬು ಗಾಜಿನ ಕೊಳವೆಯ ಕತ್ತಿನಲ್ಲಿ ಹಳದಿ ಪಟ್ಟಿಯಾಗಿ ನಿಲ್ಲುತ್ತದೆ. ಮಕ್ಕಳಿಗೆ ತೋರಿಸಲು ಇಂಥ ಪ್ರಯೋಗ ಇನ್ನೊಂದಿಲ್ಲ.

ಹೊರದೇಶಗಳಲ್ಲಿ ಈ ಅಳತೆಯನ್ನು ರೈತರೇ ಕೈಗೆತ್ತಿಕೊಂಡರು. 1895ರಲ್ಲಿ ಡೆನ್ಮಾರ್ಕಿನ ಕೆಲವು ರೈತರು ಕೂಡಿ ಸಂಘ ಮಾಡಿಕೊಂಡು, ಮನೆಮನೆಗೆ ಬಂದು ಹಾಲು ತೂಗಿ ಬರೆಯಲಿಕ್ಕೆಂದೇ ಒಬ್ಬನನ್ನು ಸಂಬಳಕ್ಕಿಟ್ಟರು. ನಮ್ಮಲ್ಲಿ ಅಚ್ಚುಕಟ್ಟಾದ ದಾಖಲೆ ಇದ್ದದ್ದು ಸೈನ್ಯದವರ ಡೇರಿಗಳಲ್ಲಿ. ಬೆಳಗಾವಿಯಲ್ಲೂ ಅಂಥದೊಂದಿತ್ತು. 1985ರಲ್ಲಿ ಅನುಸಂಧಾನ ಪರಿಷತ್ತು ಮತ್ತು ರಕ್ಷಣಾ ಇಲಾಖೆ ಕೂಡಿ ದೇಶದ ಮಿಲಿಟರಿ ಡೇರಿಗಳಲ್ಲಿ ಫ್ರೀಸ್ವಾಲ್ ಎಂಬ ಮಿಶ್ರತಳಿಯ ಆಕಳನ್ನು ಬೆಳೆಸಲು ಹೊರಟವು. ಒಂದು ಸೂಲಿಗೆ 4000 ಕಿಲೋ ಹಾಲು ಅವರ ಗುರಿಯಾಗಿತ್ತು. ಆ ಡೇರಿಗಳನ್ನೆಲ್ಲ 2021ರ ಹೊತ್ತಿಗೆ ಮುಚ್ಚಿದರು. ಅಲ್ಲಿ ನೂರಾರು ಆಕಳು ಒಂದೇ ಬೇಲಿಯೊಳಗೆ, ಒಂದೇ ರಿಜಿಸ್ಟರಿನಲ್ಲಿ ಇದ್ದವು. ಜವಾರಿ ಎಮ್ಮೆಯ ಹಿಂಡು ಹಾಗಿಲ್ಲ. ಮನೆಗೊಂದು, ಎರಡು, ಸಾವಿರಾರು ಮನೆ ಕೂಡಿದರೆ ಒಂದು ಹಿಂಡು. ವಿಶ್ವವಿದ್ಯಾಲಯ, ಕರ್ನಾಲಿನ ಸಂಸ್ಥೆ ಎಷ್ಟೇ ಕೈಜೋಡಿಸಿದರೂ ಕೊಟ್ಟಿಗೆಯ ಹೆಣ್ಣುಮಗಳು ಬಾಯಿ ಬಿಡದಿದ್ದರೆ ಹಾಳೆ ಖಾಲಿ.

ನನ್ನ ಅಕ್ಕನೂ ಬಾಯಿ ಬಿಡುತ್ತಿರಲಿಲ್ಲ. ಬಿಡಿಸಿದ್ದು ಮನೆಯೊಳಗಿನ ಜಗಳ. "ಮೂರೂವರಿ ಲೀಟರ್ ಕೊಡೂ ಎಮ್ಮಿ ಕಟಗೊಂಡು ಏನ್ ಮಾಡೂದೈತಿ? ಮಾರಿ ಮುರ್ರಾ ತರೂಣು" ಎಂದು ಮಗ ಹಟ ಹಿಡಿದಿದ್ದ. ಅಕ್ಕನಿಗೆ ಅದು ತನ್ನ ಅತ್ತೆಯ ಕಾಲದಿಂದ ಬಂದ ಸಂತಾನ. ನಾನು ಯಾರ ಪರವನ್ನೂ ಹಿಡಿಯದೆ, ಒಂಬತ್ತನೆಯ ಇಯತ್ತೆಯ ಮೊಮ್ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟೆ. ದೃಷ್ಟಿಯ ಪ್ರಶ್ನೆ ಬಂದಾಗ ಹುಡುಗಿ ನೋಟ್‌ಬುಕ್ಕಿನ ರಟ್ಟಿಗೇ ಒಂದು ಕಾಡಿಗೆ ಬೊಟ್ಟು ಇಟ್ಟಳು. ಅಕ್ಕ ನಕ್ಕು ಒಪ್ಪಿದಳು. ಎದುರುಮನೆಯಲ್ಲಿ ಹಿಂದಿನ ವರ್ಷ ತಂದ ಮುರ್ರಾ ಇತ್ತು; ಅದರ ಲೆಕ್ಕವನ್ನೂ ಆ ಮನೆಯ ಹುಡುಗ ಬರೆದ.

ಎರಡು ವರ್ಷದ ಲೆಕ್ಕ ಹೀಗೆ ಬಂತು. ಅಕ್ಕನ ಎಮ್ಮೆ ದಿನಕ್ಕೆ ಸರಾಸರಿ ಮೂರೂವರೆ ಲೀಟರಿನಂತೆ 280 ದಿನ, ಒಟ್ಟು 980 ಲೀಟರ್ ಕೊಟ್ಟಿತು. 14 ತಿಂಗಳಿಗೆ ಮತ್ತೆ ಈಯಿತು. ಮುರ್ರಾ ಏಳು ಲೀಟರಿನಂತೆ 270 ದಿನ, 1890 ಲೀಟರ್ ಕೊಟ್ಟಿತು. ಮತ್ತೆ ಈಯಲು 22 ತಿಂಗಳು ಹಿಡಿಯಿತು. ತಿಂಗಳಿಗೆ ಹಂಚಿದರೆ 70 ಲೀಟರು, 86 ಲೀಟರು. ಎರಡು ಪಟ್ಟು ಎಂದು ಕಂಡದ್ದು 16 ಲೀಟರಿನ ಅಂತರಕ್ಕೆ ಇಳಿಯಿತು. ಆ ಹದಿನಾರು ಲೀಟರಿನ ದುಡ್ಡು ಒಂದು ಚೀಲ ಹಿಂಡಿಗೂ ಸಾಲುವುದಿಲ್ಲ. ಮುರ್ರಾ ತಿಂಗಳಿಗೆ ಎರಡು ಚೀಲ ತಿನ್ನುತ್ತಿತ್ತು. ಮುರ್ರಾ ಕೆಟ್ಟ ಎಮ್ಮೆಯೆಂದು ನಾನು ಹೇಳುತ್ತಿಲ್ಲ. ಎರಡೇ ಎಮ್ಮೆಗಳಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ ಎಂದು ನಾನೇ ತರಗತಿಯಲ್ಲಿ ಹೇಳುವವನು. ಆದರೆ ಆ 22 ತಿಂಗಳಿನ ಕಾರಣ ನೋಟ್‌ಬುಕ್ಕಿನಲ್ಲಿ ಕಣ್ಣಿಗೆ ಹೊಡೆಯುವಂತಿತ್ತು. ಎಮ್ಮೆ ಗಬ್ಬವಾಗಿ ಈಯಲು ಸುಮಾರು 310 ದಿನ ಬೇಕು, ಆಕಳಿಗಿಂತ ಒಂದು ತಿಂಗಳು ಹೆಚ್ಚು. ಅದರ ಮೇಲೆ ಎಮ್ಮೆಯದು ಮೂಕ ಬೆದೆ. ಕೂಗುವುದು ಕಡಿಮೆ, ಬಹಳ ಸಲ ರಾತ್ರಿಯೇ ಬಂದುಹೋಗುತ್ತದೆ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಎದುರುಮನೆಯವರು ಹಾಗೆ ಎಷ್ಟೋ ಸಲ ಕಾದರು. ಅಕ್ಕ ರಾತ್ರಿ ಎರಡು ಸಲ ಎದ್ದು ಕಂದೀಲಿನ ಕಾಲದಿಂದಲೂ ಎಮ್ಮೆಯನ್ನು ನೋಡಿ ಬರುವವಳು. ಮಗ ನೋಟ್‌ಬುಕ್ ತಿರುವಿ ಹಾಕಿ, "ಇರ್ಲಿ ಬಿಡವ್ವಾ, ಇನ್ನೊಂದ ಸೂಲ ನೋಡೂಣು" ಎಂದ.

ಆ ಕಾರ್ತಿಕದಲ್ಲಿ ಎಮ್ಮೆ ಬೆದೆಗೆ ಬಂತು. ಇಂಜೆಕ್ಷನ್ ಮಾಡುವ ಹುಡುಗ ಬೈಕಿನ ಮೇಲೆ ದ್ರವ ಸಾರಜನಕದ ಪಾತ್ರೆ ಕಟ್ಟಿಕೊಂಡು ಬಂದ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಂಪಿನಲ್ಲಿ ಎಲ್ಲೋ ದೂರದ ಕೋಣದ ವೀರ್ಯ ವರ್ಷಗಟ್ಟಲೆ ಕೆಡದೆ ಇರುವ ಸೋಜಿಗ ಅದು.

"ಯಾವ್ದೈತಿ ತಮ್ಮಾ ಅದರಾಗ?" ಎಂದಳು ಅಕ್ಕ.

"ಮುರ್ರಾ ಐತ್ರಿ ಅಜ್ಜಿ. ಹಾಲು ಚಲೋ ಬರತಾವು."

"ಧಾರವಾಡಿ?"

"ಅದು ನನ್ನ ಕಡೆ ಇಲ್ರಿ."

ಅಕ್ಕ ಅವನಿಗೆ ಚಹಾ ಕುಡಿಸಿ ಕಳಿಸಿದಳು. ಎಮ್ಮೆಯನ್ನು ಬಿಚ್ಚಿಕೊಂಡು ಮಗನೊಡನೆ ಮೂರು ಮೈಲಿ ನಡೆದು, ಬಾಗಿದ ಕೊಂಬಿನ ಕೋಣ ಇರುವ ಪಕ್ಕದ ಊರಿಗೆ ಹೋದಳು. ನನಗೆ ಇದು ಪೂರ್ತಿ ಒಪ್ಪಿಗೆಯಲ್ಲ. ಊರ ಕೋಣದಿಂದ ರೋಗ ಅಂಟುವ ಭಯವಿದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಆ ಕೋಣದ ತಾಯಿ ಎಷ್ಟು ಹಾಲು ಕೊಟ್ಟಿತೆಂದು ಯಾರಿಗೂ ಗೊತ್ತಿಲ್ಲ. ತಾಯಿಯ ಹಾಲು ತಿಳಿಯದೆ ಕೋಣ ಆರಿಸುವುದೆಂದರೆ ಕುರುಡಾಟ. ವಿಶ್ವವಿದ್ಯಾಲಯದವರು ತಳಿಯೊಳಗಿಂದಲೇ ಒಳ್ಳೆಯ ಕೋಣ ಆರಿಸಬೇಕಾದರೂ ಮೊದಲು ಬೇಕಾಗುವುದು ಅದೇ ಅಂಕಿ.

ಮೊಮ್ಮಗಳು ಆ ಅಂಕಿಯನ್ನು ತರುತ್ತೇನೆಂದು ಹೊರಟಳು. ತಾಯೆಮ್ಮೆ ಇನ್ನೂ ಅದೇ ಮನೆಯಲ್ಲಿದೆ, ಕಿವಿಯಲ್ಲಿ 12 ಅಂಕಿಗಳ ಹಳದಿ ಬಿಲ್ಲೆಯೂ ಇದೆ. ಹುಡುಗಿ ಅಳತೆಯ ಪಾತ್ರೆ, ನೋಟ್‌ಬುಕ್ ಹಿಡಿದು ಸಂಜೆ ಹಾಲು ಹಿಂಡುವ ಹೊತ್ತಿಗೆ ಅಲ್ಲಿಗೆ ಹೋದರೆ, ಆ ಮನೆಯ ಅಜ್ಜಿ ಬೋಗುಣಿಗೆ ಸೆರಗು ಮುಚ್ಚಿಕೊಂಡು ಒಳಗೆ ನಡೆದಳಂತೆ. ಇವಳು ರಟ್ಟಿನ ಮೇಲಿನ ಕಾಡಿಗೆ ಬೊಟ್ಟು ತೋರಿಸಿ ಬಂದಿದ್ದಾಳೆ. ಮುಂದಿನ ರವಿವಾರ ಮತ್ತೆ ಹೋಗುವವಳಿದ್ದಾಳೆ.