ಹಳೇ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೋಯ್ತು, ಗುಜರಿಗೆ ಹಾಕೋದಾ?

ಆಟೋಮ್ಯಾಟಿಕ್ ಕಾರು ಅಂದರೆ ನಮ್ಮ ಕಡೆ ಇವತ್ತಿಗೂ ಶೋಕಿ ಅನ್ನುವವರೇ ಜಾಸ್ತಿ. ಪೇಟೆಯವರ ಗಾಡಿ, ಕ್ಲಚ್ ತುಳಿಯೋಕೆ ಸೋಮಾರಿತನ, ಕೆಟ್ಟರೆ ರಿಪೇರಿ ಇಲ್ಲ ಅಂತೆಲ್ಲ ಮಾತು. ನಮ್ಮ ಮನೆಗೆ ಅದು ಬಂದ ಕಾರಣವೇ ಬೇರೆ. ಅಪ್ಪನ ಎಡಗಾಲು ಕ್ಲಚ್ ತುಳಿಯುವುದಿಲ್ಲ.

ಅಪ್ಪ ಹುಟ್ಟಿದ್ದು 1963ರಲ್ಲಿ. ಎರಡು ವರ್ಷದವರಿದ್ದಾಗ ಜ್ವರ ಬಂತು, ಜ್ವರ ಇಳಿಯುವಾಗ ಎಡಗಾಲಿನ ಶಕ್ತಿಯೂ ಹೋಯ್ತು. ಪಲ್ಸ್ ಪೋಲಿಯೊ ನಮ್ಮ ದೇಶದಲ್ಲಿ ಶುರುವಾಗಿದ್ದೇ 1995ರಲ್ಲಿ. ಕೊನೆಯ ಪೋಲಿಯೊ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆ ಆಯ್ತು. ರೋಗ ಹೋಯ್ತು, ಆದರೆ ಅದು ಬಂದು ಹೋದ ಕಾಲುಗಳು ಊರೂರಲ್ಲಿ ಇನ್ನೂ ಇವೆ. ನಿಮ್ಮ ಊರಲ್ಲೂ ಒಬ್ಬರಾದರೂ ಇರುತ್ತಾರೆ, ನೋಡಿ.

ಇದನ್ನು ಬರೆಯುತ್ತಿರುವ ನಾವಿಬ್ಬರು ಅಕ್ಕ, ತಮ್ಮ. ತೀರ್ಥಹಳ್ಳಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ ನಮ್ಮ ಮನೆ. ಬಸ್ ನಿಲ್ಲುವ ಜಾಗಕ್ಕೆ ಎರಡೂವರೆ ಕಿಲೋಮೀಟರ್ ನಡೆಯಬೇಕು. ನಡೆದರೂ ಬಸ್ಸಿನ ಮೆಟ್ಟಿಲು ಎತ್ತರ, ಕ್ಯಾಲಿಪರ್ ಹಾಕಿದ ಕಾಲು ಏರುವುದಿಲ್ಲ. ಬಹಳ ವರ್ಷ ಅಪ್ಪ ಸೈಡ್ ವೀಲ್ ಹಾಕಿದ ಸ್ಕೂಟರ್ ಓಡಿಸಿದರು. ಮಲೆನಾಡಿನ ಮಳೆಯಲ್ಲಿ ಸ್ಕೂಟರ್ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲೇ ಕೂತಂತೆ.

2016ರಲ್ಲಿ, ಐದು ವರ್ಷ ಓಡಿದ್ದ ಒಂದು ಸಣ್ಣ ಆಟೋಮ್ಯಾಟಿಕ್ ಕಾರು ಬಂತು. ಬಲಗಾಲೊಂದೇ ಸಾಕು. ಅಡಿಕೆ ಮಂಡಿ, ಸೊಸೈಟಿ ಮೀಟಿಂಗ್, ನೆಂಟರ ಮನೆ ಎಲ್ಲದಕ್ಕೂ ಅಪ್ಪನೇ ಡ್ರೈವರ್. ಅಕ್ಕಪಕ್ಕದ ಮನೆಯವರನ್ನು ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೂ ಅಪ್ಪನೇ.

ಆ ಕಾರಿನ ಗೇರ್‌ಬಾಕ್ಸ್ ಹೋದ ನವೆಂಬರ್‌ನಲ್ಲಿ ಕೈಕೊಟ್ಟಿತು. ಏನಾಯ್ತು, ಯಾಕಾಯ್ತು, ಎಷ್ಟಾಯ್ತು ಅನ್ನುವುದನ್ನು ಬಿಡಿಸಿ ಹೇಳುತ್ತೇವೆ. ಇಂಥ ಹಳೇ ಕಾರುಗಳು ಈಗ ಹಳ್ಳಿಗಳಿಗೆ ಸೆಕೆಂಡ್ ಹ್ಯಾಂಡ್ ಆಗಿ ಬರುತ್ತಿವೆ. ನಾಳೆ ನಿಮಗೂ ಬೇಕಾಗಬಹುದು.

ಒಳಗೆ ಏನಿರುತ್ತದೆ

ಮೊದಲು ಒಂದು ವಿಷಯ. ಕ್ಲಚ್ ಪೆಡಲ್ ಇಲ್ಲದ ಕಾರೆಲ್ಲ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಹೆಸರಾದ ಎಎಂಟಿ ಇದೆಯಲ್ಲ, ಅದರ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ನಮ್ಮ ಕಾಲು ಮಾಡುವ ಕ್ಲಚ್ ಕೆಲಸವನ್ನು, ಕೈ ಮಾಡುವ ಗೇರ್ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ನಮ್ಮದು ಅದಕ್ಕಿಂತ ಹಳೇ ಪದ್ಧತಿಯ ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ ಗಾಡಿ. ಇದರಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರುವುದು ಎಣ್ಣೆ.

ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ. ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿದರೆ ಟಾರ್ಕ್ ಕನ್ವರ್ಟರ್. ಇದರ ಮೂಲ ಕಲ್ಪನೆ ಜರ್ಮನಿಯ ಹರ್ಮನ್ ಫೋಟಿಂಗರ್ ಅವರದು, 1905ರಲ್ಲಿ ಪೇಟೆಂಟ್ ಪಡೆದದ್ದು, ಅದೂ ಹಡಗಿಗಾಗಿ. ಕಾರಿಗೆ ಬಂದಿದ್ದು ಆಮೇಲೆ.

ಅದರ ಹಿಂದೆ ಹಲ್ಲಿನ ಚಕ್ರಗಳಿವೆ. ಅವನ್ನು ಹಿಡಿಯಲು, ಬಿಡಲು ತೆಳ್ಳನೆಯ ಪ್ಲೇಟುಗಳು ಒಂದರ ಮೇಲೊಂದು ಜೋಡಿಸಿರುತ್ತವೆ. ಪ್ಲೇಟುಗಳನ್ನು ಒತ್ತುವುದೂ ಅದೇ ಎಣ್ಣೆಯ ಒತ್ತಡ. ಅಂದರೆ ಆ ಕೆಂಪು ಎಣ್ಣೆ ಬರೀ ಜಾರಿಸುವ ಎಣ್ಣೆ ಅಲ್ಲ. ಶಕ್ತಿ ಸಾಗಿಸುವುದು, ಪ್ಲೇಟ್ ಒತ್ತುವುದು, ಬಿಸಿ ತೆಗೆಯುವುದು ಮೂರೂ ಅದರ ಕೆಲಸ. ಎಣ್ಣೆ ಕೆಟ್ಟರೆ ಎಲ್ಲವೂ ಕೆಟ್ಟಿತು.

ಏರಿನಲ್ಲಿ ನಿಂತ ಗಾಡಿ

ಅಪ್ಪ ಮಂಡಿಯಿಂದ ವಾಪಸ್ ಬರುತ್ತಿದ್ದರು. ಒಂದು ವಾರದಿಂದ ರಿವರ್ಸ್ ಹಾಕಿದರೆ ಗಾಡಿ ಎರಡು ಮೂರು ಸೆಕೆಂಡ್ ಯೋಚನೆ ಮಾಡಿ ಆಮೇಲೆ ಹಿಡಿಯುತ್ತಿತ್ತು. ಪೇಟೆಯ ಒಬ್ಬ ಮೆಕ್ಯಾನಿಕ್ ನೋಡಿ, ಹಳೇ ಗಾಡಿ ಅಂದಮೇಲೆ ಹೀಗೇ ಅಂದಿದ್ದ. ಅವತ್ತು ನಮ್ಮೂರಿನ ಏರಿನಲ್ಲಿ ಎಂಜಿನ್ ಕೂಗಿತು, ಚಕ್ರ ತಿರುಗಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಮಾತ್ರ.

ಹಳ್ಳಿಯಲ್ಲಿ ಗಾಡಿ ನಿಂತರೆ ಏನಾಗುತ್ತದೆ ನಿಮಗೆ ಗೊತ್ತು. ಹತ್ತು ನಿಮಿಷದಲ್ಲಿ ಟ್ರ್ಯಾಕ್ಟರ್ ಬಂತು, ಹಗ್ಗ ಬಂತು, ತಳ್ಳಲು ನಾಲ್ಕು ಜನ ಬಂದರು. ಅಪ್ಪ ಹಗ್ಗ ಕಟ್ಟಲು ಬಿಡಲಿಲ್ಲ. ಕಾರಿನ ಪುಸ್ತಕ ಓದಿಟ್ಟುಕೊಂಡವರು.

ಇದು ನೆನಪಿಡಬೇಕಾದ ಮಾತು. ಇಂಥ ಗೇರ್‌ಬಾಕ್ಸಿನ ಎಣ್ಣೆ ಪಂಪ್ ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ ಆಫ್ ಮಾಡಿ ಎಳೆದುಕೊಂಡು ಹೋದರೆ ಚಕ್ರದ ಜೊತೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗಿ ಸವೆಯುತ್ತವೆ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಮುಂದಿನ ಚಕ್ರಗಳನ್ನು ಎತ್ತಿ ಎಳೆಯಬೇಕು. ಇಲ್ಲವೇ ಇಡೀ ಗಾಡಿಯನ್ನು ಲಾರಿಯ ಮೇಲೆ ಹಾಕಬೇಕು. ಬ್ಯಾಟರಿ ಹೋದಾಗ ತಳ್ಳಿ ಸ್ಟಾರ್ಟ್ ಮಾಡುವುದೂ ಇದರಲ್ಲಿ ಆಗುವುದಿಲ್ಲ. ನಮ್ಮ ಗಾಡಿ ಮರುದಿನ ಹಲಗೆ ಲಾರಿಯ ಮೇಲೆ ಶಿವಮೊಗ್ಗಕ್ಕೆ ಹೋಯ್ತು. ಬಾಡಿಗೆ 4,500 ರೂಪಾಯಿ.

ಮೂರು ಲೆಕ್ಕ

ಒಂದು ದೊಡ್ಡ ಸರ್ವಿಸ್ ಸೆಂಟರ್‌ನಲ್ಲಿ ಹೇಳಿದ್ದು ಒಂದೇ ಮಾತು: ಬಿಚ್ಚುವುದಿಲ್ಲ, ಇಡೀ ಗೇರ್‌ಬಾಕ್ಸ್ ಹೊಸದು ಹಾಕಬೇಕು, 1,72,000 ರೂಪಾಯಿ, ಕೂಲಿ ಬೇರೆ. ಆ ಕಾರನ್ನು ಚೆನ್ನಾಗಿದ್ದಾಗ ಮಾರಿದ್ದರೂ ಒಂದೂವರೆ ಲಕ್ಷದ ಮೇಲೆ ಹೆಚ್ಚು ಬರುತ್ತಿರಲಿಲ್ಲ.

ಎರಡನೇ ದಾರಿ ಗುಜರಿಯದು. ಅಪಘಾತವಾದ ಕಾರಿನಿಂದ ಬಿಚ್ಚಿದ ಗೇರ್‌ಬಾಕ್ಸ್ ಬೆಂಗಳೂರಿನಿಂದ ತರಿಸುತ್ತೇವೆ ಅಂದರು. ಪೆಟ್ಟಿಗೆಗೆ 48,000, ಕೂಡಿಸಲು 12,000. ಒಂದು ತಿಂಗಳು ಬಾಯಿಮಾತಿನ ಗ್ಯಾರಂಟಿ. ಅದು ಎಷ್ಟು ಕಿಲೋಮೀಟರ್ ಓಡಿದ್ದು ಅಂತ ಕೇಳಿದರೆ ನಕ್ಕರು.

ಮೂರನೆಯದು ನಮ್ಮದೇ ಪೆಟ್ಟಿಗೆ ಬಿಚ್ಚಿ ಕಟ್ಟುವುದು. ಆಟೋಮ್ಯಾಟಿಕ್ ಕೆಲಸವನ್ನೇ ಮಾಡುವ ಒಬ್ಬ ಮೆಕ್ಯಾನಿಕ್ ಸಿಕ್ಕಿದರು. ಅವರು ದುಡ್ಡಿನ ಮಾತು ಆಡುವ ಮೊದಲು ಎಣ್ಣೆ ನೋಡುವ ಕಡ್ಡಿ ಎಳೆದರು. ಒಳ್ಳೆಯ ಎಣ್ಣೆ ಕೆಂಪಗೆ ತಿಳಿಯಾಗಿರುತ್ತದೆ. ಸುಟ್ಟ ಎಣ್ಣೆ ಕಪ್ಪಗೆ, ಕರಕಲು ವಾಸನೆ. ನಮ್ಮದು ಎರಡೂ ಅಲ್ಲ. ಬೀಟ್‌ರೂಟ್ ತಂಬುಳಿಯ ಬಣ್ಣ, ಗುಲಾಬಿ, ನೊರೆ ನೊರೆ.

"ಇದರಲ್ಲಿ ನೀರಿದೆ" ಅಂದರು. "ರೇಡಿಯೇಟರ್ ತೋರಿಸಿ."

ಕಾರಣ ಇದ್ದದ್ದು ಬೇರೆ ಕಡೆ

ಬಹಳಷ್ಟು ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಬಿಸಿ ಎಣ್ಣೆ ರೇಡಿಯೇಟರ್ ಒಳಗಿನ ಒಂದು ಸಣ್ಣ ಕೊಳವೆಯಲ್ಲಿ ಹರಿದು ತಣ್ಣಗಾಗಿ ವಾಪಸ್ ಬರುತ್ತದೆ. ಸುತ್ತ ಎಂಜಿನ್ನಿನ ಕೂಲೆಂಟ್, ನಡುವೆ ಎಣ್ಣೆಯ ಕೊಳವೆ. ವರ್ಷ ಕಳೆದಂತೆ ಆ ಕೊಳವೆ ತುಕ್ಕು ತಿಂದು ಅಥವಾ ಬೆಸುಗೆ ಬಿಟ್ಟು ಸೀಳಿದರೆ ಕೂಲೆಂಟ್ ಮತ್ತು ಎಣ್ಣೆ ಸೇರುತ್ತವೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಪ್ಲೇಟಿನ ಮೇಲೆ ಅಂಟಿಸಿದ ಹಿಡಿತದ ಪದರ ಇರುತ್ತದೆ. ಕೂಲೆಂಟ್ ತಾಗಿದರೆ ಅದರ ಅಂಟು ಬಿಡುತ್ತದೆ. ಪೆಟ್ಟಿಗೆ ಬಿಚ್ಚಿದಾಗ ನಾವಿಬ್ಬರೂ ಹೋಗಿ ನೋಡಿದೆವು. ಮಳೆಗೆ ನೆನೆದ ರಟ್ಟಿನಂತೆ ಪದರ ಕಿತ್ತು ಬಂದಿತ್ತು. ಆದರೆ ಹಲ್ಲಿನ ಚಕ್ರಗಳು, ಪಂಪ್, ಹೊರಗಿನ ಕವಚ ಎಲ್ಲ ಸರಿಯಾಗಿದ್ದವು. ಕೆಳಗಿನ ತಟ್ಟೆಯ ಆಯಸ್ಕಾಂತದ ಮೇಲೆ ನುಣ್ಣನೆಯ ಬೂದು ಕೆಸರು ಮಾತ್ರ. ಅಷ್ಟು ಸವೆತ ಮಾಮೂಲು, ಲೋಹದ ಚೂರು ಸಿಕ್ಕಿದ್ದರೆ ಮಾತು ಬೇರೆ ಅಂದರು ಮೆಕ್ಯಾನಿಕ್.

ಈಗ ಯೋಚನೆ ಮಾಡಿ. ಗುಜರಿಯ ಪೆಟ್ಟಿಗೆಯನ್ನೋ, ಒಂದು ಮುಕ್ಕಾಲು ಲಕ್ಷದ ಹೊಸ ಪೆಟ್ಟಿಗೆಯನ್ನೋ ತಂದು ಅದೇ ರೇಡಿಯೇಟರ್‌ಗೆ ಜೋಡಿಸಿದ್ದರೆ? ಕೆಲವೇ ದಿನದಲ್ಲಿ ಅದರ ಎಣ್ಣೆಯೂ ತಂಬುಳಿ. ಹೊಸ ರೇಡಿಯೇಟರ್‌ಗೆ ಆದ ಖರ್ಚು 6,500 ರೂಪಾಯಿ. ಮೊದಲ ಎರಡು ಕಡೆ ಅದರ ಹೆಸರನ್ನೇ ಯಾರೂ ಎತ್ತಿರಲಿಲ್ಲ.

ಅದಕ್ಕೇ ನಾವು ಹೇಳುವುದು: ಗೇರ್‌ಬಾಕ್ಸ್ ಹೋಗಿದೆ ಅಂದರೆ ಸಾಲದು, ಯಾಕೆ ಹೋಯ್ತು ಅಂತ ಹೇಳಿಸಿಕೊಳ್ಳಿ. ಆ ಉತ್ತರ ಸಿಗುವವರೆಗೆ ಅಡ್ವಾನ್ಸ್ ಕೊಡಬೇಡಿ.

ದುಡ್ಡಿನ ಮಾತು

ಕಟ್ಟುವ ಕೆಲಸಕ್ಕೆ 74,000 ಕೇಳಿದರು. ಹೊಸ ಪ್ಲೇಟುಗಳು, ಎಲ್ಲ ಸೀಲು, ಗ್ಯಾಸ್ಕೆಟ್, ಫಿಲ್ಟರ್, ಸರಿಮಾಡಿದ ಟಾರ್ಕ್ ಕನ್ವರ್ಟರ್, ಎಣ್ಣೆ, ಕೂಲಿ ಎಲ್ಲ ಸೇರಿ. ರೇಡಿಯೇಟರ್ ಕೂಡಿಸಿದರೆ 80,500. ಸುಮಾರು ಒಂದೂವರೆ ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು.

ಊರಲ್ಲಿ ಎಲ್ಲರದೂ ಒಂದೇ ಬುದ್ಧಿವಾದ. "ಒಂದೂವರೆ ಲಕ್ಷದ ಗಾಡಿಗೆ ಎಂಬತ್ತು ಸಾವಿರ ಹಾಕ್ತೀರಾ? ಗುಜರಿಗೆ ಹಾಕಿ, ಅದಕ್ಕೆ ಇನ್ನಷ್ಟು ಸೇರಿಸಿ ಬೇರೆ ತಗೊಳ್ಳಿ." ಬೇರೆ ಅಂದರೆ ಬೇರೆ ಆಟೋಮ್ಯಾಟಿಕ್ ಆಗಬೇಕಲ್ಲ. ವಿಚಾರಿಸಿದೆವು. ಹತ್ತು ವರ್ಷದ ಎಎಂಟಿ ಕಾರಿಗೇ ಮೂರು ಲಕ್ಷದ ಮೇಲೆ ಹೇಳಿದರು. ಅದರ ಒಳಗೆ ಏನು ಕೆಟ್ಟಿದೆ ಅನ್ನುವುದು ತಗೊಂಡ ಮೇಲಷ್ಟೇ ಗೊತ್ತಾಗುವುದು.

ನಾವು ಇನ್ನೊಂದು ಲೆಕ್ಕ ಬರೆದೆವು. ಅಪ್ಪ ತಿಂಗಳಿಗೆ ಸುಮಾರು 12 ಸಲ ಪೇಟೆಗೆ ಹೋಗುತ್ತಾರೆ. ಆಟೋ ಹೋಗಿ ಬರಲು 600 ರೂಪಾಯಿ. ತಿಂಗಳಿಗೆ 7,200. ಗಾಡಿ ರಿಪೇರಿ ಮಾಡಿ ಅದು ಎರಡೇ ವರ್ಷ ಬಾಳಿತು ಅಂದುಕೊಳ್ಳಿ. 80,500ನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 3,350 ಚಿಲ್ಲರೆ. ಪೆಟ್ರೋಲ್ 2,900. ಒಟ್ಟು 6,250. ಎರಡೇ ವರ್ಷ ಬಾಳಿದರೂ ನಷ್ಟ ಇಲ್ಲ.

ಈ ಲೆಕ್ಕಕ್ಕೆ ಸಿಗದ್ದೂ ಒಂದಿತ್ತು. ಕಾರು ಶಿವಮೊಗ್ಗದಲ್ಲಿದ್ದ 23 ದಿನ ಅಪ್ಪ ಮನೆಯಿಂದ ಹೊರಗೆ ಹೋಗಿದ್ದು ಎರಡೇ ಸಲ. ತಂಗಿಯ ಮಗನ ಮದುವೆಗೂ ಹೋಗಲಿಲ್ಲ. ಕರೆದುಕೊಂಡು ಹೋಗಲು ಜನ ಇದ್ದರು, ನಾವೇ ಇದ್ದೆವು. "ಅವರು ಹೊರಟಾಗ ಹೊರಡಬೇಕು, ಅವರು ಎದ್ದಾಗ ಏಳಬೇಕು, ನನಗೆ ಬೇಡ" ಅಂದರು. ಜಗಲಿಯಲ್ಲಿ ಕೂತು ಸುಲಿದ ಅಡಿಕೆಯನ್ನೇ ಮತ್ತೆ ಮತ್ತೆ ಆರಿಸುತ್ತಿದ್ದರು. ಅಮ್ಮ ಒಂದು ದಿನ ನಮ್ಮನ್ನು ಅಡುಗೆಮನೆಗೆ ಕರೆದು, "ದುಡ್ಡು ಎಷ್ಟಾದರೂ ಆಗಲಿ, ಆ ಗಾಡಿ ಬೇಗ ತನ್ನಿ" ಅಂದಳು. ಮಾರುಕಟ್ಟೆಯಲ್ಲಿ ಆ ಕಾರಿಗೆ ಒಂದೂವರೆ ಲಕ್ಷ ಇರಬಹುದು. ನಮ್ಮ ಮನೆಯಲ್ಲಿ ಅದರ ಬೆಲೆ ಅದಲ್ಲ.

ನೀವು ಮಾಡಿಸುವುದಾದರೆ

ನಮಗೆ ಉಪಯೋಗಕ್ಕೆ ಬಂದ ಕೆಲವು ಮಾತುಗಳು:

ಒಂದು, ಗೇರ್ ಹಾಕಿದ ಮೇಲೆ ಗಾಡಿ ಹಿಡಿಯಲು ತಡ ಮಾಡಿದರೆ, ಎಂಜಿನ್ ಕೂಗಿ ವೇಗ ಏರದಿದ್ದರೆ, ಗೇರ್ ಬದಲಾಗುವಾಗ ಒದ್ದಂತೆ ಆದರೆ ಕಾಯಬೇಡಿ. ಕಡ್ಡಿ ಇರುವ ಗಾಡಿಯಾದರೆ ಎಣ್ಣೆಯ ಬಣ್ಣ ನೋಡಿ. ಗುಲಾಬಿ ನೊರೆ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ.

ಎರಡು, ಮಳೆಗಾಲದಲ್ಲಿ ಆಳದ ನೀರಿಗೆ ಗಾಡಿ ಇಳಿದರೆ ಗೇರ್‌ಬಾಕ್ಸಿನ ಗಾಳಿ ಕಿಂಡಿಯಿಂದಲೂ ನೀರು ಹೋಗಬಹುದು. ಆಗಲೂ ಎಣ್ಣೆ ಹಾಲಿನಂತಾಗುತ್ತದೆ.

ಮೂರು, ಕೆಂಪು ಎಣ್ಣೆಗಳೆಲ್ಲ ಒಂದೇ ಅಲ್ಲ. ಪ್ರತಿ ಗೇರ್‌ಬಾಕ್ಸಿಗೂ ಅದರದೇ ಎಣ್ಣೆ. ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ, ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ನಾಲ್ಕು, ಪೆಟ್ಟಿಗೆ ಕಟ್ಟಿದರೂ, ಬದಲಿಸಿದರೂ ಕೂಲರ್ ಪೈಪುಗಳನ್ನು ತೊಳೆಸಬೇಕು. ಟಾರ್ಕ್ ಕನ್ವರ್ಟರನ್ನು ತೊಳೆಸಬೇಕು ಇಲ್ಲವೇ ಬದಲಿಸಬೇಕು. ಇಲ್ಲದಿದ್ದರೆ ಹಳೇ ಕೊಳೆ ಮತ್ತೆ ಒಳಗೆ ಬರುತ್ತದೆ.

ಐದು, ಗುಜರಿಯ ಪೆಟ್ಟಿಗೆಯೇ ತಗೊಳ್ಳುವುದಾದರೆ ಅದರ ನಂಬರ್ ನಿಮ್ಮದಕ್ಕೆ ಹೊಂದಬೇಕು. ಅದರೊಳಗೆ ಉಳಿದ ಎಣ್ಣೆಯನ್ನು ಮೂಸಿ ನೋಡಿ, ಬಿಳಿ ಬಟ್ಟೆಯ ಮೇಲೆ ಹನಿಸಿ ನೋಡಿ.

ಆರು, ಹಾಕಿದ ಭಾಗಗಳ ಪಟ್ಟಿ ಮತ್ತು ಗ್ಯಾರಂಟಿ ಕಾಗದದ ಮೇಲೆ ಇರಲಿ. ತೆಗೆದ ಹಳೇ ಭಾಗಗಳನ್ನು ಕೇಳಿ ಪಡೆಯಿರಿ. ನಮಗೆ ಆರು ತಿಂಗಳ ಗ್ಯಾರಂಟಿ ಬರೆದುಕೊಟ್ಟರು.

ಗಾಡಿ ಡಿಸೆಂಬರ್‌ನಲ್ಲಿ ಮನೆಗೆ ಬಂತು. ಸಾವಿರ ಕಿಲೋಮೀಟರ್ ಆದಮೇಲೆ ಒಮ್ಮೆ ಎಣ್ಣೆ ಬದಲಿಸಿದೆವು, ಕೆಂಪಗೇ ಇತ್ತು. ಈ ವರ್ಷ ಕಾರಿಗೆ 15 ತುಂಬುತ್ತದೆ. ಆರ್‌ಸಿ ನವೀಕರಣ ಆಗಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ, ಹಸಿರು ತೆರಿಗೆ ಬೇರೆ. ಗಾಡಿಯನ್ನು ತಪಾಸಣೆಗೂ ಒಯ್ಯಬೇಕು. ಅಪ್ಪ ಈಗಾಗಲೇ ಕಾಗದಪತ್ರ ಒಂದು ಕವರಿನಲ್ಲಿ ಹಾಕಿಟ್ಟಿದ್ದಾರೆ. ಆರ್‌ಟಿಒ ಆಫೀಸಿಗೆ ನಾವು ಬರುವುದು ಬೇಡವಂತೆ, ತಾವೇ ಓಡಿಸಿಕೊಂಡು ಹೋಗುತ್ತಾರಂತೆ.