ಪಹಣಿ ಇಲ್ಲದವರ ಬಿಸಿಲು



ಸುಸ್ಥಿರ ಅಭಿವೃದ್ಧಿ ಅಂದ ಕೂಡ್ಲೇ ಎಲ್ಲರೂ ಬೆರಳು ತೋರ್ಸೋದು ಪಾವಗಡದ ಸೋಲಾರ್ ಪಾರ್ಕ್ ಕಡೆಗೆ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಹೊಗೆಯಿಲ್ಲ, ಕಲ್ಲಿದ್ದಲಿಲ್ಲ. ಭೂಮಿಯನ್ನೂ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬರ ಕಂಡು ಬೇಸತ್ತ ರೈತರಿಗೆ ಅದು ಸಣ್ಣ ಮೊತ್ತ ಅಲ್ಲ, ಒಪ್ಪೋಣ.

ಆದರೆ ಆ ಹಣ ಹೋಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು ಬದುಕಿದ ಭೂಹೀನ ದಲಿತರಿಗೆ? ಉಳುಮೆ ನಿಂತಿತು, ಜೊತೆಗೆ ಕೂಲಿಯೂ ನಿಂತಿತು. ಕುರಿ ಮೇಯೋ ಜಾಗಕ್ಕೆ ಬೇಲಿ ಬಿತ್ತು. ಹುಲ್ಲು ಕೊಯ್ಯೋದು, ಪ್ಯಾನೆಲ್ ತೊಳೆಯೋದು, ಕಾವಲು ಕಾಯೋದು ಉಳಿಯಿತು, ಅದೂ ಕೆಲವರಿಗೆ. ಬಗರ್‌ಹುಕುಂ ಉಳುಮೆ ಮಾಡಿ ಸಾಗುವಳಿ ಚೀಟಿ ಸಿಗದವರ ಪಾಡೂ ಇದೇ.

ನಾನೊಬ್ಬ ಗುಮಾಸ್ತ, ದಿನಾ ಕಡತ ನೋಡೋನು. ಕಡತದಲ್ಲಿ ಫಲಾನುಭವಿ ಅಂದ್ರೆ ದಾಖಲೆ ಇದ್ದವನು. ದಾಖಲೆ ಇಲ್ಲದವನ ನಷ್ಟ ಬರೆಯೋಕೆ ಕಾಲಮ್ಮೇ ಇರಲ್ಲ.

1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಬಾಬಾಸಾಹೇಬರ ಬಳಿ ಇದ್ದದ್ದು ಕಾರ್ಮಿಕ ಖಾತೆ. ನೀರಾವರಿ, ವಿದ್ಯುತ್ ವಿಷಯಗಳೂ ಅದರೊಳಗೇ ಇದ್ದವು. ಕರೆಂಟು ಮತ್ತು ಕೂಲಿಕಾರ ಅಂದು ಒಂದೇ ಮೇಜಿನ ಮೇಲಿದ್ದರು. ಇಂದು ಕರೆಂಟು ಮಾತ್ರ ಮೇಜಿನ ಮೇಲಿದೆ.

ನಾವು ಸೋಲಾರ್ ವಿರೋಧಿಗಳಲ್ಲ. ಮುಂದೆ ಎಲ್ಲೇ ಪಾರ್ಕ್ ಆಗಲಿ, ಪಹಣಿ ಪಟ್ಟಿ ಜೊತೆ ಕೂಲಿಕಾರರ ಪಟ್ಟಿಯನ್ನೂ ಗ್ರಾಮಸಭೆಯಲ್ಲಿ ಓದಿ. ಗುತ್ತಿಗೆ ನಡೆಯೋವಷ್ಟು ವರ್ಷ ಅವರಿಗೂ ಪಾಲು ಕೊಡಿ. ಪರಿಸರ ಉಳಿಸಿ ಕೇರಿಯನ್ನು ಗುಳೆ ಕಳಿಸೋದನ್ನ ಸುಸ್ಥಿರ ಅನ್ನಬೇಡಿ.