ಧನುಷ್ಕೋಡಿಯ ಹವಳದ ಗೋಡೆ

ಚೆನ್ನೈಗೆ ಬಂದ ಮೇಲೆ ಇದು ನಮ್ಮ ಎರಡನೇ ರಾಮೇಶ್ವರ ಯಾತ್ರೆ. ದರ್ಶನ ಮುಗಿಸಿ ಧನುಷ್ಕೋಡಿಗೆ ಹೋದೆವು. 1964ರ ಚಂಡಮಾರುತಕ್ಕೆ ಹಾಳಾದ ಚರ್ಚಿನ ಗೋಡೆ ಮುಟ್ಟಿ ಮಗಳು, "ಅಪ್ಪಾ, ಕಲ್ಲಿನ ತುಂಬ ಹೂವು!" ಎಂದಳು. ಅದು ಹವಳದ ಕಲ್ಲು.

ಹವಳ ಹೂವಲ್ಲ, ಪುಟ್ಟ ಪ್ರಾಣಿ. ಕಡಲ ನೀರಿನಿಂದಲೇ ಸುಣ್ಣ ತೆಗೆದು ಗೂಡು ಕಟ್ಟುತ್ತದೆ. ಒಂದು ಸತ್ತರೆ ಅದರ ಗೂಡಿನ ಮೇಲೆ ಇನ್ನೊಂದು. ಹೀಗೆ ಸಾವಿರಾರು ವರ್ಷಗಳಲ್ಲಿ ದಿಬ್ಬ ಏಳುತ್ತದೆ. ಅಲೆ ಮುರಿದ ಚೂರುಗಳು ಮರಳಾಗಿ ಅದರ ಮೇಲೆ ಕೂತು ದ್ವೀಪವಾಗುತ್ತದೆ. ಅಲೆಯ ಪೆಟ್ಟನ್ನು ದಿಬ್ಬ ತಿನ್ನುವುದರಿಂದ ದ್ವೀಪ ಉಳಿಯುತ್ತದೆ.

ಇಲ್ಲಿಂದ ತೂತ್ತುಕುಡಿಯವರೆಗೆ ಮನ್ನಾರ್ ಕೊಲ್ಲಿಯಲ್ಲಿ ಇಂಥ 21 ದ್ವೀಪಗಳಿದ್ದವು. ಸುಣ್ಣಕ್ಕೆಂದು, ಕಟ್ಟಡಕ್ಕೆಂದು ದಶಕಗಳ ಕಾಲ ಜನ ಹವಳ ಅಗೆದರು. 2005ರ ಹೊತ್ತಿಗೆ ಅದು ನಿಂತಿತು. ಅಷ್ಟರಲ್ಲಿ ಎರಡು ದ್ವೀಪಗಳು ಮುಳುಗಿದ್ದವು.

ಇದನ್ನೆಲ್ಲ ಹೇಳಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನಮ್ಮನೆ ಶೋಕೇಸಲ್ಲಿರೋದು ಯಾವ ದ್ವೀಪದ್ದಪ್ಪಾ?"

ಹೋದ ಸಲ ಬಂದಾಗ ಚೌಕಾಸಿ ಮಾಡಿ ಕೊಂಡಿದ್ದ ಬಿಳಿ ಹವಳ ಅದು. ಈ ಸಲ ಬರಿಗೈಯಲ್ಲಿ ಹಿಂತಿರುಗಿದೆವು.